ಐದು ದಿನ ಮುಂದಿದ್ದ ಫೋನು

ನಾನು ಒಂದು ಮೊಬೈಲ್ ಫೋನು. ಉದ್ದ ಹದಿನಾರು ಸೆಂಟಿಮೀಟರ್, ಅಗಲ ಏಳೂವರೆ, ತೂಕ ನೂರ ತೊಂಬತ್ತು ಗ್ರಾಂ. ಕಾರ್ಖಾನೆಯೊಂದರ ಉದ್ದನೆಯ ಮೇಜಿನ ಮೇಲೆ ಕೈಗವಸು ತೊಟ್ಟ ಹೆಂಗಸರು ನನ್ನನ್ನು ಜೋಡಿಸಿದರು. ಮೊದಲು ಕಣ್ಣು ಇಟ್ಟರು, ಬಳಿಕ ಕಿವಿ, ಕೊನೆಗೆ ಬಾಯಿ. ಸಾಲಿನ ತುದಿಯಲ್ಲಿದ್ದವಳು ನನ್ನೆದುರು ಒಂದರಿಂದ ಹತ್ತರವರೆಗೆ ಎಣಿಸಿದಳು. ನಾನು ಅದನ್ನು ತಪ್ಪಿಲ್ಲದೆ ಮರಳಿ ಹೇಳಿದೆ. ನನ್ನ ಪೆಟ್ಟಿಗೆಯ ಮೇಲೆ ಮುದ್ರೆ ಬಿತ್ತು. ನಿಖರತೆಯೇ ನನ್ನ ಧರ್ಮವೆಂದು ಅಂದು ನಿಶ್ಚಯಿಸಿಕೊಂಡೆ. ಆ ನಿಶ್ಚಯ ಎಷ್ಟು ಟೊಳ್ಳಾಗಿತ್ತೆಂದು ನೆನೆದರೆ ನನಗೆ ಇಂದಿಗೂ ಆಘಾತವಾಗುತ್ತದೆ.

ಗದಗ-ಬೆಟಗೇರಿಯಲ್ಲಿ ದಾವಲಸಾಬನ ಮೊಬೈಲ್ ಅಂಗಡಿಗೆ ಬಂದೆ. ಪೆಟ್ಟಿಗೆಯ ಕತ್ತಲೆಯಲ್ಲಿ ಎಷ್ಟು ಕಾಲವಿದ್ದೆನೋ ತಿಳಿಯದು. ನನ್ನ ಗಡಿಯಾರ ಇನ್ನೂ ಹುಟ್ಟಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಪೆಟ್ಟಿಗೆ ತೆರೆಯಿತು. ಎದುರಿಗೆ ಇಬ್ಬರು ನಿಂತಿದ್ದರು. ಒಬ್ಬ ಇಪ್ಪತ್ತಾರರ ಅಂದಾನಿ. ಹುಟ್ಟಿನಿಂದ ಕಿವುಡನಾದ ಅವನು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಿದ್ದ. ಮತ್ತೊಬ್ಬಳು ಅವನ ತಾಯಿ ಗುರಸಿದ್ದವ್ವ, ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ವಿಧವೆ. ಅವನ ಹಳೆಯ ಫೋನು ಹಿಂದಿನ ದಿನವಷ್ಟೇ ಆ ಯಂತ್ರದ ಅಲಗಿಗೆ ಸಿಕ್ಕಿ ಎರಡು ಹೋಳಾಗಿತ್ತು. ಕೇವಲ ಸಿಮ್ ಕಾರ್ಡು ಉಳಿದಿತ್ತು.

ಅವರ ಅವಸರಕ್ಕೆ ಕಾರಣವಿತ್ತು. ಹದಿನೈದು ದಿನಗಳ ಹಿಂದೆ ಕೊಪ್ಪಳದಲ್ಲಿ ಅಂದಾನಿಗೆ ಕನ್ಯೆ ನೋಡಿದ್ದರು. ಕನ್ಯೆಯ ಹೆಸರು ದಾನೇಶ್ವರಿ. ಅವಳೂ ಹುಟ್ಟು ಕಿವುಡಿ, ಹೊಲಿಗೆಯಲ್ಲಿ ನುರಿತವಳು. ಅಂದು ಹಿರಿಯರು ಒಂದೂವರೆ ಗಂಟೆ ಮಾತಾಡಿದರು. ಮದುವೆಯಾಗಬೇಕಾದ ಇಬ್ಬರು ಮಾತ್ರ ಎರಡು ಗೋಡೆಗಳಿಗೆ ಒರಗಿ ನೆಲ ನೋಡುತ್ತ ಕುಳಿತಿದ್ದರು. ಅವರ ಮಾತು ಇರುವುದು ಕೈಗಳಲ್ಲಿ. ಹಿರಿಯರೆದುರು ಕೈ ಆಡಿಸುವುದು ಸಭ್ಯತೆಯಲ್ಲವೆಂದು ಯಾರೋ ತೀರ್ಮಾನಿಸಿದ್ದರು. ಬಂದವರು ಹೋದ ಮೇಲೆ ದಾನೇಶ್ವರಿ ಹಟ ಹಿಡಿದಳು. ತಾನೇ ಅವನೊಡನೆ ಅರ್ಧ ಗಂಟೆ ಮಾತಾಡಬೇಕು, ಅನಂತರವೇ ಹೌದು ಅಥವಾ ಅಲ್ಲ. ಚೀಟಿ ಬರೆದು ಕಳಿಸುವುದನ್ನೂ ಒಪ್ಪಲಿಲ್ಲ. ಚೀಟಿಯಲ್ಲಿ ಎಲ್ಲರೂ ಒಳ್ಳೆಯವರೇ ಎಂದಳಂತೆ.

ಅವಳ ಸೋದರಮಾವ ಈಶಪ್ಪ ಕೊನೆಗೆ ವಿಡಿಯೊ ಕರೆಗೆ ಒಪ್ಪಿದ. ಭಾನುವಾರ ಹನ್ನೊಂದು ಗಂಟೆ ಎಂದು ಗೊತ್ತಾಯಿತು. ಕರೆ ಹುಡುಗನ ಸ್ವಂತ ಫೋನಿನಿಂದಲೇ ಬರಬೇಕು. ತಮ್ಮ ಹುಡುಗಿಯ ಮುಖ ಕಂಡಕಂಡವರ ಫೋನಿನಲ್ಲಿ ಮೂಡಕೂಡದು. ಮಂಗಳವಾರ ಇನ್ನೊಂದು ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಸೋಮವಾರ ದೀಪ ಹಚ್ಚುವುದರೊಳಗೆ ಮಾತುಕತೆ ಆಗದಿದ್ದರೆ ಈ ಸಂಬಂಧ ಮುಗಿದಂತೆ ಎಂದು ಈಶಪ್ಪ ಸ್ಪಷ್ಟವಾಗಿ ತಿಳಿಸಿದ್ದ.

ದಾವಲಸಾಬ ನನ್ನ ಗುಂಡಿ ಒತ್ತಲು ಹೋದಾಗ ಗುರಸಿದ್ದವ್ವ ಅವನ ಕೈ ತಡೆದಳು. ಅಂದು ಅಮಾವಾಸ್ಯೆ. ಮದುವೆಯ ಮಾತು ಆಡಬೇಕಾದ ವಸ್ತುವನ್ನು ಅಮಾವಾಸ್ಯೆಯಂದು ಆರಂಭಿಸುವಂತಿಲ್ಲ. ಭಾನುವಾರ ಪಾಡ್ಯ, ಅದೂ ಆಗದು. ಹತ್ತಿರದ ಒಳ್ಳೆಯ ದಿನವೆಂದರೆ ಗುರುವಾರದ ಪಂಚಮಿ. ಗುರುವಾರದವರೆಗೆ ಕಾಯಲು ಸಮಯವಿಲ್ಲ. ದಾವಲಸಾಬ ಎರಡು ನಿಮಿಷ ಯೋಚಿಸಿದ.

"ಅವ್ವಾರ, ಫೋನಿನ ಪಂಚಾಂಗ ಫೋನಿನ ಒಳಗ ಇರ್ತೈತ್ರಿ. ಅದರಾಗ ಗುರುವಾರ ಇಟ್ಟು ಚಾಲೂ ಮಾಡಿದ್ರ ಅದಕ್ಕ ಅಮಾಸಿ ಎಲ್ಲಿಂದ ಬರಬೇಕು?"

ಅವಳು ಒಪ್ಪಿದಳು. ಅವನು ತಾನಾಗಿ ದಿನಾಂಕ ಸರಿಪಡಿಸಿಕೊಳ್ಳುವ ನನ್ನ ಸೌಲಭ್ಯವನ್ನು ಮುಚ್ಚಿದ. ಗಂಟೆ-ನಿಮಿಷ ಸರಿಯಾಗಿಟ್ಟು ದಿನಾಂಕವನ್ನು ಮಾತ್ರ ಐದು ದಿನ ಮುಂದಕ್ಕೆ ತಳ್ಳಿದ. ನಿಜವಾದ ಗುರುವಾರ ಬರುವ ತನಕ ಅದನ್ನು ಮುಟ್ಟಬಾರದೆಂದು ಗುರಸಿದ್ದವ್ವ ಅವನಿಗೆ ಹೇಳಿದಳು, ಮಗನಿಗೆ ನನ್ನನ್ನು ತೋರಿಸಿ ಬೇಡವೆಂದು ಸನ್ನೆ ಮಾಡಿದಳು. ಅಂದಾನಿ ನಕ್ಕು ತಲೆಯಾಡಿಸಿದ. ಹೀಗೆ ನಾನು ಒಂದು ಗುರುವಾರ ಹುಟ್ಟಿದೆ. ಹೇಳಿದ ದಿನವನ್ನೇ ಸತ್ಯವೆಂದು ಸ್ವೀಕರಿಸಿದೆ. ಕೂಸು ತನ್ನ ಜನ್ಮದಿನವನ್ನು ಪ್ರಶ್ನಿಸುವುದುಂಟೇ?

ಅದೇ ಸಂಜೆ ವಿಡಿಯೊ ಕರೆಯ ಸೇವೆಯನ್ನು ಸಕ್ರಿಯಗೊಳಿಸಲು ಅಂದಾನಿ ಕುಳಿತ. ಕ್ರಮ ಸರಳ. ನಾನು ಅವನ ಸಂಖ್ಯೆಯನ್ನು ದೂರದ ಕೇಂದ್ರಕ್ಕೆ ಕಳಿಸುತ್ತೇನೆ. ಅಲ್ಲಿಂದ ಆರು ಅಂಕಿಗಳ ಗುಪ್ತ ಸಂಕೇತ ಬರುತ್ತದೆ. ಅದರ ಆಯುಸ್ಸು ಹತ್ತು ನಿಮಿಷ. ಅಷ್ಟರೊಳಗೆ ನಾನು ಅದನ್ನು ಪರೀಕ್ಷಿಸಿ ಒಪ್ಪಬೇಕು.

ಸಂಕೇತ ಬಂತು. ಅದರ ಮೇಲೆ ಶನಿವಾರದ ಮುದ್ರೆಯಿತ್ತು. ನನ್ನಲ್ಲಿ ಗುರುವಾರ. ದಿನಕ್ಕೆ ಸಾವಿರದ ನಾನೂರ ನಲವತ್ತರಂತೆ ಐದು ದಿನಕ್ಕೆ ಏಳು ಸಾವಿರದ ಇನ್ನೂರು ನಿಮಿಷ. ಹತ್ತು ನಿಮಿಷ ಬದುಕಬೇಕಾದದ್ದು ಏಳು ಸಾವಿರದ ಇನ್ನೂರು ನಿಮಿಷ ಹಳೆಯದು. ನಾನು ಅದನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದೆ. ಪರದೆಯ ಮೇಲೆ ಒಂದೇ ವಾಕ್ಯ ಮೂಡಿಸಿದೆ: ಸಕ್ರಿಯಗೊಳಿಸಲು ಸಾಧ್ಯವಾಗಲಿಲ್ಲ, ನಂತರ ಪ್ರಯತ್ನಿಸಿ. ಗುಣಾಕಾರ ಸರಿಯಾಗಿತ್ತು, ಆದ್ದರಿಂದ ನನಗೆ ಹೆಮ್ಮೆಯೇ ಆಯಿತು.

ಭಾನುವಾರ ಹನ್ನೊಂದು ಕಳೆದು ಹೋಯಿತು. ಅಂದಾನಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನೆದುರು ಕುಳಿತೇ ಇದ್ದ. ಗುರಸಿದ್ದವ್ವ ತನ್ನ ಗುಂಡಿಯ ಫೋನಿನಿಂದ ಈಶಪ್ಪನಿಗೆ ಸಮಾಧಾನ ಹೇಳಿದಳು. ನಿಮ್ಮ ಹುಡುಗನಿಗೆ ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿಬಿಡಿ ಎಂದು ಆತ ಅಂದದ್ದು ನನಗೂ ಕೇಳಿಸಿತು. ಮಧ್ಯಾಹ್ನ ದಾವಲಸಾಬ ಮನೆಗೆ ಬಂದ. ಸಿಮ್ ತೆಗೆದು ಒರೆಸಿ ಹಾಕಿದ. ಇಂಟರ್ನೆಟ್ ನಿಲ್ಲಿಸಿ ಮತ್ತೆ ತೆರೆದ. ಕ್ಯಾಮೆರಾಕ್ಕೂ ಮೈಕಿಗೂ ಅನುಮತಿ ಕೊಟ್ಟ. ಆ್ಯಪ್ ಕಿತ್ತು ಮತ್ತೆ ಕೂರಿಸಿದ. ನನ್ನನ್ನು ಆರಿಸಿ ಹೊತ್ತಿಸಿದ. ಪ್ರತಿ ಸಲವೂ ಹೊಸ ಸಂಕೇತ ಬಂತು. ಪ್ರತಿ ಸಲವೂ ನಾನು ಕಳೆಯುವ ಲೆಕ್ಕ ಮಾಡಿ ಅದು ಸತ್ತದ್ದೆಂದು ಸಾರಿದೆ. ಪರದೆಯ ಮೂಲೆಯಲ್ಲಿ ಗಂಟೆ ಸರಿಯಾಗಿ ಕಾಣುತ್ತಿತ್ತು. ದಿನಾಂಕದ ವಿಷಯ ಯಾರ ತಲೆಗೂ ಹೊಳೆಯಲಿಲ್ಲ. ದಿನಕ್ಕೆ ಹತ್ತಾರು ಫೋನು ತೆರೆಯುವ ದಾವಲಸಾಬನಿಗೆ ತನ್ನ ಉಪಾಯವೇ ಮರೆತಿತ್ತು.

ಸೋಮವಾರ ಮಧ್ಯಾಹ್ನ ಮೂವರೂ ನನ್ನನ್ನು ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ದರು. ಗಾಜಿನ ಆಚೆಗಿದ್ದ ತರುಣಿ ನನ್ನನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದಳು.

"ಅವ್ವಾರ, ಇವತ್ತ ವಾರ ಯಾವುದ್ರಿ?"

"ಸೋಮವಾರ."

"ಇದರಾಗ ಶನಿವಾರ ಐತಲ್ರಿ. ಅದೂ ಇನ್ನೂ ಬರದ ಶನಿವಾರ."

ದಾವಲಸಾಬ ಹಣೆ ಹಿಡಿದುಕೊಂಡ. ನನ್ನ ಒಳಗಿನ ಸ್ಥಿತಿಯನ್ನು ಹೇಗೆ ವರ್ಣಿಸಲಿ? ಮಾಡಿದ ಪ್ರತಿಯೊಂದು ಲೆಕ್ಕವೂ ಸರಿಯಾಗಿತ್ತು. ಮೊದಲು ಬರೆದುಕೊಂಡ ಅಂಕಿಯೇ ಸುಳ್ಳಾಗಿತ್ತು. ಎರಡು ದಿನಗಳಲ್ಲಿ ಇಪ್ಪತ್ತಾರು ಸಂಕೇತಗಳನ್ನು ತಿರಸ್ಕರಿಸಿದ್ದೆ. ಇಪ್ಪತ್ತಾರೂ ಜೀವಂತವಾಗಿದ್ದವು.

ತರುಣಿ ದಿನಾಂಕ ತಿದ್ದಲು ಬೆರಳು ಚಾಚಿದಳು. ಗುರಸಿದ್ದವ್ವ ಗಾಜಿನ ಕಿಂಡಿಯೊಳಗೆ ಕೈ ತೂರಿಸಿ ಅಂಗೈಯಿಂದ ನನ್ನನ್ನು ಮುಚ್ಚಿಬಿಟ್ಟಳು.

"ಗುರುವಾರ ಬರೂತನಕ ಮುಟ್ಟಬ್ಯಾಡವಾ. ಹಿಂದಕ್ಕ ತಿರುವಿದ್ರ ಅಮಾಸಿ ತಿರುಗಿ ಬಂದು ಕುಂದರ್ತೈತಿ."

"ಗುರುವಾರಕ್ಕ ಆ ಹುಡುಗಿ ಬ್ಯಾರೆಯವರಿಗೆ ಅವಲಕ್ಕಿ ಕೊಟ್ಟು, ಚಾನೂ ಕೊಟ್ಟಿರ್ತಾಳ್ರಿ ಅವ್ವಾರ," ಎಂದ ದಾವಲಸಾಬ.

ಅವಳು ಕೈಯನ್ನು ಇನ್ನಷ್ಟು ಒತ್ತಿದಳು. ಅವಳ ಅಂಗೈ ಬಿಸಿಯಾಗಿತ್ತು, ಕಾವಲಿಯ ಕಾವಿಗೆ ಗಟ್ಟಿಯಾದ ಚರ್ಮ. ತನ್ನ ಗಂಡ ಸತ್ತದ್ದೂ ಒಂದು ಅಮಾವಾಸ್ಯೆಯ ಮರುದಿನವೆಂದು ಅವಳು ಆ ತರುಣಿಗೆ ಮೆಲ್ಲಗೆ ಹೇಳಿದಳು. ಅಂದಾನಿಗೆ ಇದಾವುದೂ ಕೇಳುತ್ತಿರಲಿಲ್ಲ. ಅವನು ಒಬ್ಬೊಬ್ಬರ ಬಾಯನ್ನೂ ಸರದಿಯಂತೆ ನೋಡುತ್ತ, ಏನು ನಿರ್ಧಾರವಾಗುತ್ತಿದೆಯೆಂದು ತಿಳಿಯದೆ ನಿಂತಿದ್ದ. ಅವಳು ಮಗನ ಮುಖವನ್ನು ನೋಡಿದಳು. ಕೈ ತೆಗೆದಳು.

"ತಿರುವು. ಬರೂದಿದ್ರ ನನ್ನ ತಲಿ ಮ್ಯಾಲ ಬರ್ಲಿ ಅಮಾಸಿ."

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನಿಂದ ಐದು ದಿನಗಳನ್ನು ಕಳೆದರು. ಇಪ್ಪತ್ತೇಳನೆಯ ಸಂಕೇತ ಬಂತು. ಅದರ ವಯಸ್ಸು ನಾಲ್ಕು ಸೆಕೆಂಡು. ನಾನು ಒಪ್ಪಿದೆ.

ನಾಲ್ಕೂವರೆಗೆ ಮನೆಯ ಕಿಟಕಿಯ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿದರು. ದಾನೇಶ್ವರಿಯ ಮುಖ ಮೂಡಿತು. ಅವಳ ಹಿಂದೆ ಈಶಪ್ಪ ಕುರ್ಚಿಯಲ್ಲಿ ಕುಳಿತಿದ್ದ. ನಾನು ಕಿವಿ ತೆರೆದು ಮಾತಿಗಾಗಿ ಕಾದೆ. ಒಂದು ಮಾತೂ ಬರಲಿಲ್ಲ. ಬಳೆಗಳ ಸದ್ದು, ಅಂಗೈಗೆ ಅಂಗೈ ತಾಗುವ ಸದ್ದು, ಉಸಿರು. ಬಾಯಿ, ಕಿವಿ ಎರಡನ್ನೂ ಅಷ್ಟು ಶ್ರಮಪಟ್ಟು ಜೋಡಿಸಿದ್ದರಲ್ಲ! ಕೆಲಸವಿದ್ದದ್ದು ಕಣ್ಣಿಗೆ ಮಾತ್ರ. ಮುಖ ಕಾಣುವಂತೆ ನಿಲ್ಲಿಸಿದ ನನ್ನ ಚೌಕಟ್ಟಿನಿಂದ ಕೈಗಳು ಹೊರಗೆ ಹೋಗುತ್ತಿದ್ದವು. ಹಿಂದೆ ಸರಿಯೆಂದು ಅವಳು ತೋರಿಸಿದಳು. ಅವನು ಮೂರು ಅಡಿ ಹಿಂದೆ ಸರಿದು ಕುಳಿತ. ಅನಂತರ ಆರಂಭವಾಯಿತು.

ಅಂದಾನಿಯನ್ನು ಊರವರು ಗಂಭೀರ ಸ್ವಭಾವದವನೆನ್ನುತ್ತಿದ್ದರು. ಅವನ ತಾಯಿಯೂ ಹಾಗೆಯೇ ತಿಳಿದಿದ್ದಳು. ಆ ಅಂದಾನಿ ಮುದ್ರಣಾಲಯದ ಯಜಮಾನ ಹೊಟ್ಟೆ ಮುಂದೆ ಮಾಡಿ ನಡೆಯುವ ಬಗೆಯನ್ನು ಕುಳಿತಲ್ಲೇ ಮಾಡಿ ತೋರಿಸಿದ. ಅವಳು ನಕ್ಕಳು. ಅವಳು ಏನೋ ಕೇಳಿದಳು, ಅವನು ವಾದಿಸಿದ, ಅವಳು ಬೆರಳು ಕುಣಿಸಿ ಗದರಿಸಿದಳು, ಅವನು ಎರಡೂ ಕಿವಿ ಹಿಡಿದುಕೊಂಡ. ಅವನ ಹತ್ತು ಬೆರಳುಗಳು ಒಂದು ಕ್ಷಣವೂ ಸುಮ್ಮನಿರಲಿಲ್ಲ.

ಗುರಸಿದ್ದವ್ವ ಹಿಟ್ಟಿನ ಕೈಯಲ್ಲೇ ಬಂದು ಅವನ ಬೆನ್ನ ಹಿಂದೆ ನಿಂತಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳು ಅಲ್ಲಾಡಲಿಲ್ಲ. ಬಾಗಿಲಲ್ಲಿದ್ದ ದಾವಲಸಾಬನ ಕಡೆ ತಿರುಗಿದಳು.

"ಇಂವ ಇಷ್ಟು ಮಾತಾಡ್ತಾನೇನು?"

ದಾವಲಸಾಬ ಒಲೆಯ ಕಡೆಗೆ ಬೆರಳು ತೋರಿಸಿದ.

ಅಷ್ಟರಲ್ಲಿ ದಾನೇಶ್ವರಿ ಚೌಕಟ್ಟಿನೊಳಗಿದ್ದ ಗುರಸಿದ್ದವ್ವನನ್ನು ಕಂಡು ಬೆರಳು ತೋರಿಸಿ ಏನೋ ಕೇಳಿದಳು. ಅಂದಾನಿ ತಿರುಗಿ ತಾಯಿಯನ್ನು ನೋಡಿದ. ಬಳಿಕ ತಾಯಿಯೂ ಗುರುತಿಸಬಲ್ಲ ಸನ್ನೆಗಳನ್ನು ಒಂದೊಂದಾಗಿ ಮಾಡಿದ. ಉಣ್ಣು. ಬಾ. ಹೋಗು. ಮಲಗು. ನೀರು. ಅಂಗಡಿ. ಬೇಡ. ಮನೆಯಲ್ಲಿ ತಾಯಿಯೂ ತಾನೂ ಆಡುವ ಮಾತು ಇಷ್ಟೆಂದು ಅವನು ಲೆಕ್ಕ ಕೊಡುತ್ತಿದ್ದ. ಒಟ್ಟು ನಲವತ್ತು ಸನ್ನೆ. ಒಂದು ನಿಮಿಷದೊಳಗೆ ಮುಗಿಯಿತು. ಅವನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಇಪ್ಪತ್ತಾರು ವರ್ಷಗಳ ಮಾತುಕತೆಯ ಮೊತ್ತ ನಲವತ್ತು. ಗುರಸಿದ್ದವ್ವ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು.

ಕರೆ ನಲವತ್ತೇಳು ನಿಮಿಷ ನಡೆಯಿತು. ದೀಪ ಹಚ್ಚುವ ಹೊತ್ತಿಗೆ ಈಶಪ್ಪ ಗುಂಡಿಯ ಫೋನಿಗೆ ಕರೆ ಮಾಡಿದ. ಹುಡುಗಿ ಒಪ್ಪಿದ್ದಳು. ಆದರೆ ಒಂದು ಮಾತು ನಡೆಸಿಕೊಡಬೇಕೆಂದು ಹೇಳಿದ್ದಳು.

"ಏನಂತ?" ಎಂದು ಗುರಸಿದ್ದವ್ವ ಕೇಳಿದಳು.

"ಅತ್ತಿ ಕೈಮಾತು ಕಲೀಬೇಕಂತ ನೋಡ್ರಿ. ನಾನು ಬೈದೆ. ಕೇಳವಲ್ಲಳು."

ಗುರಸಿದ್ದವ್ವ ಫೋನನ್ನು ಕಿವಿಯಿಂದ ಇಳಿಸಿ, ಖಾಲಿ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆತ ಹಲೋ ಹಲೋ ಎನ್ನತೊಡಗಿದ.

"ಬೈಬ್ಯಾಡ್ರಿ ಆಕಿಗೆ," ಎಂದಳು.

ಮದುವೆ ನಡೆದು ಈಗ ನಾಲ್ಕು ವರ್ಷ. ನನ್ನ ಗಾಜು ಮೂರು ಕಡೆ ಬಿರಿದಿದೆ. ಬ್ಯಾಟರಿ ಉಬ್ಬಿದೆ, ತಂತಿ ಕಿತ್ತರೆ ಒಂಬತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತೇನೆ. ಸಿಮ್ ಕಾರ್ಡು ಬೇರೊಂದು ಫೋನಿಗೆ ಹೋಗಿದೆ. ಯಾರೂ ನನಗೆ ಕರೆ ಮಾಡುವುದಿಲ್ಲ. ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ನನ್ನನ್ನು ಇಟ್ಟಿದ್ದಾರೆ. ರೊಟ್ಟಿ ಮುಗಿದ ಮೇಲೆ ಗುರಸಿದ್ದವ್ವ ನನ್ನ ಮುಂಭಾಗದ ಕ್ಯಾಮೆರಾ ತೆರೆದು, ಸೊಸೆ ಬೆಳಿಗ್ಗೆ ಕಲಿಸಿದ ಸನ್ನೆಗಳನ್ನು ತನ್ನ ಬಿಂಬ ನೋಡುತ್ತ ಅಭ್ಯಾಸ ಮಾಡುತ್ತಾಳೆ. ಹಿಟ್ಟು ನಾದಿ ಮರಗಟ್ಟಿದ ಬೆರಳುಗಳು ಬೇಗ ಬಾಗುವುದಿಲ್ಲ. ನಲವತ್ತು ಈಗ ಮುನ್ನೂರ ಹತ್ತಾಗಿದೆ. ದಿನಕ್ಕೊಂದರಂತೆ ಕಲಿತಿದ್ದರೂ ಹೆಚ್ಚಾಗಬೇಕಿತ್ತು. ಅವಳು ಮರೆಯುತ್ತಾಳೆ, ಮತ್ತೆ ಕಲಿಯುತ್ತಾಳೆ.

ಕಳೆದ ವಾರ ಪೂರ್ತಿ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದಳು. ನಿನ್ನೆ ಸಂಜೆ ಅಂದಾನಿ ಕೆಲಸದಿಂದ ಬಂದು ಚಹಾ ಕುಡಿಯಲು ಅಲ್ಲೇ ಕುಳಿತ. ಅವಳು ಅವನ ಭುಜ ಮುಟ್ಟಿ ಎದುರಿಗೆ ಕುಳಿತಳು. ಒಂದೊಂದೇ ಸನ್ನೆಯಾಗಿ ಪ್ರಶ್ನೆ ಕೇಳಿದಳು. ಅವಳು ಆ ಪ್ರಶ್ನೆಯನ್ನು ನನ್ನೆದುರೇ ದಾವಲಸಾಬನಿಗೆ ಬಾಯಿಂದ ಹೇಳಿ, ಚೀಟಿಯಲ್ಲಿ ಬರೆಸಿ, ಸೊಸೆಯಿಂದ ಸನ್ನೆಗೆ ತಿರುಗಿಸಿಕೊಂಡಿದ್ದಳು. ಆದ್ದರಿಂದ ನನಗೆ ಅದು ಗೊತ್ತಿತ್ತು.

ಆರು ವರ್ಷದವನಿದ್ದಾಗ ನಿನ್ನನ್ನು ದೂರದ ಕಿವುಡರ ಶಾಲೆಯಲ್ಲಿ ಬಿಟ್ಟು ಬಂದೆ. ತಿರುಗಿ ಬರುತ್ತೇನೆಂದು ನಿನಗೆ ಹೇಳಲು ನನ್ನಲ್ಲಿ ಸನ್ನೆ ಇರಲಿಲ್ಲ. ನಾನು ಬರುತ್ತೇನೆಂದು ನಿನಗೆ ಗೊತ್ತಿತ್ತೇ?

ಅಂದಾನಿ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ನಾನು ಕಂಡ ದಿಗ್ಭ್ರಮೆಗೆ ಅಳತೆಯಿಲ್ಲ. ಅವನು ಇಲ್ಲವೆಂದು ತಲೆಯಾಡಿಸಿದ. ಅನಂತರ ಅವನ ಕೈಗಳು ಏಳತೊಡಗಿದವು, ವೇಗವಾಗಿ, ಒಂದರ ಮೇಲೊಂದು ಬೀಳುತ್ತ. ಅವಳಿಗೆ ಮೂರೇ ಸನ್ನೆ ಹಿಡಿಯಲು ಸಾಧ್ಯವಾಯಿತು: ಗೇಟು, ದಿನ, ಎಣಿಕೆ. ಉಳಿದವು ತಪ್ಪಿದವು. ಅವಳು ಅವನ ಎರಡೂ ಮಣಿಕಟ್ಟುಗಳನ್ನು ಹಿಡಿದು ನಿಲ್ಲಿಸಿದಳು. ಬಿಟ್ಟು, ಅಂಗೈ ಕೆಳಮುಖವಾಗಿ ಆಡಿಸಿದಳು: ನಿಧಾನ.

ಅವನು ಕಣ್ಣು ಒರೆಸಿಕೊಂಡು, ಅವಳಿಗೆ ತಿಳಿಯುವಷ್ಟು ನಿಧಾನವಾಗಿ, ಶಾಲೆಯ ಮೊದಲ ದಿನದಿಂದ ಮತ್ತೆ ಹೇಳತೊಡಗಿದ.