ಕಿಟಕಿ ಕಡೆಯ ಕಿವಿ

ಗೋಡೌನಿನ ಗೇಟಿನ ಮುಂದೆ ಲಾರಿ ನಿಲ್ಲಿಸಿಕೊಂಡು ಕಾಯುವ ಪಾಡು ಶತ್ರುವಿಗೂ ಬೇಡ. ಎರಡು ದಿನ ಬಿಡದೆ ಓಡಿಸು ಎಂದರೆ ಯಾವ ಡ್ರೈವರಾದರೂ ಹೂಂ ಅಂದಾನು. ಊರು ಮುಟ್ಟಿ, ಗೇಟು ಕಣ್ಣೆದುರಿಗೇ ಇದ್ದು, ಒಳಗೆ ಬಿಡದೆ ಕೂರಿಸಿದರೆ ಮಾತ್ರ ಎಂಥ ಸಾಧುವಿನ ತಲೆಯೂ ಕೆಡುತ್ತದೆ. ನಮ್ಮ ಸಿಡುಕಣ್ಣನಂತೂ ಸಾಧುವಾಗಿ ಹುಟ್ಟಿದವನೇ ಅಲ್ಲ. ಹೆತ್ತವರು ಇಟ್ಟ ಹೆಸರೊಂದು ಅವನ ಲೈಸೆನ್ಸಿನ ಮೇಲಿದೆ, ಅದನ್ನು ಪೊಲೀಸರು ಬಿಟ್ಟರೆ ಬೇರೆ ಯಾರೂ ಓದಿದ್ದಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವುದನ್ನು ಕಂಡು ಲಾರಿಯವರೆಲ್ಲ ಸೇರಿ ಇಟ್ಟ ಹೆಸರು ಇದು.

ಆದರೆ ಇವತ್ತು ಅವನ ಸಿಟ್ಟಿಗೆ ಕಾರಣವಿತ್ತು. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಕರೆಯುವುದು ಗುಬ್ಬಿ ಅಂತ. ಹುಟ್ಟಿದಾಗಿನಿಂದ ಕಿವಿ ಕೇಳದು. ತಿಂಗಳುಗಟ್ಟಲೆ ಅಲೆದಾಡಿದ ಮೇಲೆ ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವಳ ಎರಡೂ ಕಿವಿಗೆ ಕೇಳುವ ಮಿಷನ್ ಹಾಕುವವರಿದ್ದರು. ಆ ಕಿವಿಗೆ ಬೀಳುವ ಮೊದಲ ದನಿ ತನ್ನದೇ ಆಗಬೇಕು ಎಂದು ಸಿಡುಕಣ್ಣ ಹಟ ಹಿಡಿದಿದ್ದ. ಅದಕ್ಕಾಗಿಯೇ ಓನರ್ ಕೈಕಾಲು ಹಿಡಿದು, ಸ್ವಂತ ಊರಿಗೇ ಬರುವ ಈ ಕಾಗದದ ರೋಲಿನ ಲೋಡನ್ನು ಕೇಳಿ ಪಡೆದಿದ್ದ. ಬೆಳಗ್ಗೆ ಲೋಡು ಇಳಿಸುವುದು, ಮಧ್ಯಾಹ್ನ ಆಸ್ಪತ್ರೆ ಸೇರುವುದು ಎಂದು ಲೆಕ್ಕ ಹಾಕಿದ್ದ. ಡ್ರೈವರನ ಲೆಕ್ಕ ಯಾವತ್ತೂ ಸರಿಯಾಗೇ ಇರುತ್ತದೆ ಬಿಡಿ, ತಪ್ಪುವುದೆಲ್ಲ ಗೇಟಿನವರದು.

ಅವನ ಮನೆ ಹೆದ್ದಾರಿಯ ಪಕ್ಕಕ್ಕೇ ಇತ್ತು. ಲೋಡು ತುಂಬಿಕೊಂಡು ಮನೆಯ ಮುಂದೆ ಹಾದು ಹೋಗುವಾಗ ನಿಲ್ಲಿಸುವಂತಿರಲಿಲ್ಲ. ನಿಂತರೆ ಲಾರಿ ನಿಂತದ್ದು ಓನರ್ ಫೋನಿನಲ್ಲಿ ಕಾಣುತ್ತಿತ್ತು, ಮರುಕ್ಷಣವೇ ಬೈಗುಳ ಬರುತ್ತಿತ್ತು. ಹಾಗಾಗಿ ಅವನು ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಹೆಂಡತಿ ಗುಬ್ಬಿಯನ್ನು ಎತ್ತಿಕೊಂಡು ಕಿಟಕಿಗೆ ಓಡಿ ಬರುತ್ತಿದ್ದಳು. ಗುಬ್ಬಿ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದು, ಗಾಜು ನಡುಗಿದ ಕೂಡಲೇ ಕಿಲಕಿಲ ನಗುತ್ತಿದ್ದಳು. ಅಪ್ಪ ಮನೆಗೆ ಬಂದಾಗ ಅದೇ ಅಂಗೈಯನ್ನು ಅವನ ಗಂಟಲಿಗಿಟ್ಟು, ಮಾತಾಡು ಎಂದು ಕಣ್ಣಿನಲ್ಲೇ ಕೇಳುತ್ತಿದ್ದಳು. ಅವನ ಗಂಟಲೂ ಗಾಜಿನಷ್ಟೇ ನಡುಗುತ್ತಿತ್ತು ಅನ್ನಿ, ಮೆಲ್ಲಗೆ ಮಾತಾಡಿ ಅವನಿಗೆ ಗೊತ್ತೇ ಇಲ್ಲ. "ನಮ್ಮನೆ ವಿಷ್ಯ ಬೀದಿ ಕೊನೆಯವರಿಗೂ ಗೊತ್ತಾಗ್ಬೇಕಾ? ಸ್ವಲ್ಪ ಮೆತ್ತಗೆ ಮಾತಾಡ್ರೀ" ಎಂದು ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಕಾರಣ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನಿಗೆ ಮಾತ್ರ ಬೇಡವಾಗಿತ್ತು. ವರ್ಷಾನುಗಟ್ಟಲೆ ಕಿಟಕಿ ತೆರೆದುಕೊಂಡು ಲಾರಿ ಓಡಿಸಿದವರಿಗೆ ಕಿಟಕಿ ಕಡೆಯ ಕಿವಿ ಮಂದವಾಗುತ್ತದೆ. ಗಾಳಿ, ಇಂಜಿನ್ನು, ಎದುರು ಬರುವ ಗಾಡಿಗಳ ಹಾರ್ನು ಎಲ್ಲ ನುಗ್ಗುವುದು ಅದರೊಳಕ್ಕೇ. ಹಳೇ ಡ್ರೈವರುಗಳು ಅದನ್ನು ನಗುತ್ತಲೇ ಒಪ್ಪಿಕೊಂಡು, ತಲೆ ತಿರುಗಿಸಿ, ಇನ್ನೊಂದು ಕಿವಿ ಕೊಟ್ಟು ಮಾತು ಕೇಳುತ್ತಾರೆ. ಸಿಡುಕಣ್ಣನಿಗೆ ಹಾಗೆ ತಲೆ ತಿರುಗಿಸುವುದೆಂದರೆ ಮಾನ ಹೋದಂತೆ. "ನಂಗೇನಾಗಿದೆ? ಜನ ಬಾಯೊಳಗೇ ಗೊಣಗ್ತಾರೆ. ಬಾಯ್ಬಿಟ್ಟು ಮಾತಾಡೋಕೇನು ಧಾಡಿ?" ಅನ್ನುತ್ತಿದ್ದ.

ಸಾಲಿನಲ್ಲಿ ನಿಂತ ಲಾರಿಯವರಲ್ಲಿ ಒಂದು ರೂಢಿಯಿದೆ. ಮುಂದಿನವನು ತೂಕಡಿಸಿದರೆ ಹಿಂದಿನವನು ಇಳಿದು ಬಂದು ಬಾಗಿಲು ತಟ್ಟಬೇಕು. ಮುಂದಿನವನಿಗೆ ಎಲ್ಲಾದರೂ ಹೋಗಿ ಬರುವುದಿದ್ದರೆ ಚಾವಿ ಹಿಂದಿನವನ ಕೈಗೆ ಕೊಟ್ಟು ಹೋಗುತ್ತಾನೆ. ಹಿಂದಿನವನೇ ಎರಡೂ ಗಾಡಿ ಸರಿಸುತ್ತಾನೆ. ಬೆಳಗ್ಗೆ ಸಾಲು ಒಂದಿಷ್ಟು ಮುಂದೆ ಹೋದಾಗ ಸಿಡುಕಣ್ಣನಿಗೆ ಜೋಂಪು ಹತ್ತಿತ್ತು. ಹಿಂದಿನ ಲಾರಿಯ ಡ್ರೈವರ್, ಬಿದಿರ ಗಳುವಿನಂಥ ಉದ್ದನೆಯ ಆಸಾಮಿ, ಬಂದು ಬಾಗಿಲು ಬಡಿದ.

"ಅಣ್ಣಾ, ಗಾಡಿ ಮುಂದೆ ತಗೊಳ್ಳಿ."

ಸಿಡುಕಣ್ಣ ಬೆಚ್ಚಿ ಎದ್ದ. "ಏಯ್, ಇದೇನು ಡೋಲು ಅಂದ್ಕೊಂಡ್ಯಾ? ಬಾಗ್ಲು ಮುರ್ದ್ರೆ ನಿಮ್ಮಪ್ಪ ಬಂದು ಹಾಕಿಸ್ಕೊಡ್ತಾನಾ?"

"ನಿದ್ದೆ ಮಾಡ್ತಿದ್ರಿ, ಅದಕ್ಕೇ..."

"ನಾನು ನಿದ್ದೆ ಮಾಡ್ಲಿ, ಸಾಯ್ಲಿ, ನಿಂಗೇನು? ಇನ್ನೊಂದ್ಸಲ ನನ್ನ ಗಾಡಿ ಮುಟ್ಟು, ಆಮೇಲಿದೆ ನಿಂಗೆ!"

"ಆಯ್ತಪ್ಪಾ, ಮುಟ್ಟಲ್ಲ" ಎಂದು ಉದ್ದನೆಯವನು ಹಿಂದಕ್ಕೆ ಹೋದ. ಒಳ್ಳೇದಕ್ಕೆ ಕಾಲವಿಲ್ಲ ಎಂದುಕೊಂಡಿರಬೇಕು, ಪಾಪ.

ಆ ಗೋಡೌನಿನಲ್ಲಿ ಟೋಕನ್ ನಂಬರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಕೂಗಿದಾಗ ಬಾರದವನು ಸಾಲಿನ ಕೊನೆಗೆ ಹೋಗಬೇಕು. ಮೈಕು ಕಟ್ಟಿದ ಕಂಬ ಸಿಡುಕಣ್ಣನ ಕಿಟಕಿಯ ಪಕ್ಕದಲ್ಲೇ ಇತ್ತು. ಈ ಸಲ ಅವನು ನಿದ್ದೆ ಮಾಡುತ್ತಿರಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು, ಗುಬ್ಬಿಗೆ ಮೊದಲು ಏನು ಹೇಳುವುದೆಂದು ಯೋಚಿಸುತ್ತ ಕೂತಿದ್ದ. 'ನಾನು ಕಣೇ, ನಿಮ್ಮಪ್ಪ' ಅನ್ನಲೇ? ಅಥವಾ ಬರೀ ಹೆಸರು ಕರೆಯಲೇ? ಹೆಸರೇ ಒಳ್ಳೆಯದು, ಪಾಪ, ತನ್ನ ಹೆಸರೇನೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಹಾಗೆಂದುಕೊಂಡು ಕತ್ತೆತ್ತಿ ನೋಡುವಷ್ಟರಲ್ಲಿ ಉದ್ದನೆಯವನ ಲಾರಿ ಇವನನ್ನು ದಾಟಿ ಗೇಟಿನೊಳಕ್ಕೆ ಹೋಗುತ್ತಿತ್ತು.

ಸಿಡುಕಣ್ಣ ಜಿಗಿದು ಇಳಿದವನೇ ಗೇಟಿನ ಗುಮಾಸ್ತನ ಕಿಂಡಿಗೆ ನುಗ್ಗಿದ. "ಏನ್ರೀ ಇದು ಅನ್ಯಾಯ? ನನ್ನ ಹಿಂದಿನವನನ್ನ ಹೇಗೆ ಬಿಟ್ರಿ?"

ಗುಮಾಸ್ತ ತಲೆಯೆತ್ತಲಿಲ್ಲ. "ನಿಮ್ಮ ನಂಬರ್ ಕೂಗಿದ್ವಿ, ಬರ್ಲಿಲ್ಲ."

"ಕೂಗೇ ಇಲ್ಲ! ಎಚ್ಚರವಾಗೇ ಕೂತಿದ್ದೆ ನಾನು!"

"ಮೂರು ಸಲ ಕೂಗಿದ್ವಿ ಸ್ವಾಮಿ. ಬೀದಿಗೆಲ್ಲ ಕೇಳಿಸ್ತು."

"ಹಾಗಾದ್ರೆ ನಿಮ್ಮ ಮೈಕು ಕೆಟ್ಟಿದೆ. ಮೊದ್ಲು ಅದನ್ನ ರಿಪೇರಿ ಮಾಡ್ಸಿ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುಮಾಸ್ತ ಈಗ ತಲೆಯೆತ್ತಿದ. "ಯಾಕ್ರೀ ಹಿಂಗೆ ಕಿರುಚ್ತೀರಿ, ನಂಗೇನು ಕಿವುಡಾ? ಹೋಗಿ, ಸಾಲಿನ ಕೊನೆಗೆ ನಿಲ್ಲಿಸಿ."

ಸಿಡುಕಣ್ಣ ಬೇಡಿಕೊಂಡ. ಮಗಳ ವಿಷಯ ಹೇಳಿದ, ಆಸ್ಪತ್ರೆಯ ವಿಷಯ ಹೇಳಿದ, ಕೈ ಮುಗಿದ. ಆದರೆ ಅವನು ಬೇಡಿಕೊಂಡರೂ ಹೊಡೆಯಲು ಬಂದವನ ಹಾಗೆ ಕೇಳಿಸುತ್ತದೆ, ಏನು ಮಾಡುವುದು! ಗುಮಾಸ್ತ ಹೆದರಿ ಕಿಂಡಿ ಮುಚ್ಚಿಬಿಟ್ಟ.

ಒಳಗಿನ ತೂಕದ ಕಟ್ಟೆಯ ಮೇಲೆ ಲಾರಿ ನಿಲ್ಲಿಸಿದ್ದ ಉದ್ದನೆಯವನು ಗೇಟಿನ ಹತ್ತಿರ ಬಂದ. "ಅಣ್ಣಾ, ಅವ್ರು ಕೂಗಿದ್ದು ನಿಜ. ನಿಮ್ಮ ಬಾಗ್ಲು ತಟ್ಟೋಣ ಅಂತ ಕೆಳಗೆ ಇಳಿದೂ ಇಳಿದೆ. ಮುಟ್ಬೇಡ ಅಂದಿದ್ರಲ್ಲ, ಹಾಗೇ ವಾಪಸ್ ಹತ್ತಿದೆ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಿಟ್ಟು ಇಳಿದ ಮೇಲೆ ಬಂದೀತೇ? ಸಿಡುಕಣ್ಣ ಲಾರಿಯನ್ನು ಹಿಂದಕ್ಕೆ ತಂದು ಸಾಲಿನ ಬಾಲಕ್ಕೆ ನಿಲ್ಲಿಸಿದ. ಯಾರಿಗಾದರೂ ಚಾವಿ ಕೊಟ್ಟು ಆಸ್ಪತ್ರೆಗೆ ಓಡೋಣವೆಂದರೆ, ಸಾಲಿನ ಕೊನೆಯವನಿಗೆ ಹಿಂದೆ ಯಾರಿರುತ್ತಾರೆ? ಟೈರಿಗೆ ಒದ್ದ, ಕಾಲು ನೋಯಿತು. ಗುಮಾಸ್ತನನ್ನು ಬೈದ, ಮೈಕನ್ನು ಬೈದ, ಉದ್ದನೆಯವನನ್ನೂ ಬೈದ. ತನ್ನ ಕಿವಿಯ ಸುದ್ದಿಗೆ ಮಾತ್ರ ಹೋಗಲಿಲ್ಲ.

ಮಧ್ಯಾಹ್ನ ಸರಿದ ಮೇಲೆ ಹೆಂಡತಿಯ ಫೋನ್ ಬಂತು. "ರೀ, ಹಾಕಿದ್ರು ರೀ! ಫ್ಯಾನ್ ತಿರುಗೋ ಶಬ್ದಕ್ಕೆ ತಲೆ ಎತ್ತಿ ಮೇಲೆ ನೋಡಿದ್ಳು ಗುಬ್ಬಿ!"

ಫ್ಯಾನು! ಜೀವಂತ ಅಪ್ಪ ಇರುವಾಗ ಮೊದಲು ಕೇಳಿಸಿದ್ದು ಆಸ್ಪತ್ರೆಯ ಫ್ಯಾನು! ಸಿಡುಕಣ್ಣನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಹೆಂಡತಿ ಇನ್ನೂ ಮಾತಾಡುತ್ತಿದ್ದಳು, "ಡಾಕ್ಟರಮ್ಮ ಹೇಳಿದ್ದಾರೆ..." ಅನ್ನುವಷ್ಟರಲ್ಲಿ ಮುಂದಿನ ಲಾರಿ ಇಂಜಿನ್ ಚಾಲು ಮಾಡಿತು. ಫೋನಿದ್ದದ್ದು ಕಿಟಕಿ ಕಡೆಯ ಕಿವಿಯಲ್ಲಿ. ಉಳಿದದ್ದರಲ್ಲಿ ಒಂದಕ್ಷರವೂ ಕೇಳಿಸಲಿಲ್ಲ.

"ಆಯ್ತು ಆಯ್ತು" ಅಂದ ಸಿಡುಕಣ್ಣ. ಸರಿಯಾಗಿ ಕೇಳಿಸದವರ ಬಾಯಲ್ಲಿ ಮೊದಲು ಬರುವುದೇ ಆ ಮಾತು. "ಆಯ್ತು, ಬರ್ತೀನಿ, ಇಡು."

ಲೋಡು ಇಳಿಯುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಖಾಲಿ ಲಾರಿ ಗಡಗಡ ಅನ್ನುತ್ತ ಹೆದ್ದಾರಿಗೆ ಬಿತ್ತು. ಸಿಡುಕಣ್ಣ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಫ್ಯಾನು ಹೋಯಿತು, ಹೋಗಲಿ. ಹಾರ್ನ್ ಇದೆಯಲ್ಲ! ಇಷ್ಟು ದಿನ ಗಾಜಿನಲ್ಲಿ ಮುಟ್ಟಿ ನೋಡಿದ್ದನ್ನು ಇವತ್ತು ಕಿವಿಯಲ್ಲೇ ಕೇಳುತ್ತಾಳೆ. ಅಪ್ಪ ಅಂದರೆ ಇದು ಅಂತ ಗೊತ್ತಾಗುತ್ತದೆ.

ಮನೆ ಕಂಡಿತು. ಕಿಟಕಿಯಲ್ಲಿ ಗುಬ್ಬಿಯನ್ನು ಎತ್ತಿಕೊಂಡು ಹೆಂಡತಿ ನಿಂತಿದ್ದಳು. ಮಗುವಿನ ಅಂಗೈ ಗಾಜಿನ ಮೇಲಿತ್ತು. ಹೆಂಡತಿ ಇನ್ನೊಂದು ಕೈಯನ್ನು ಜೋರಾಗಿ ಬೀಸುತ್ತಿದ್ದಳು. ಅವಳಿಗೂ ಸಂತೋಷ ತಡೆಯಲಾಗುತ್ತಿಲ್ಲ ಎಂದುಕೊಂಡು ಸಿಡುಕಣ್ಣ ಹಾರ್ನ್ ಒತ್ತಿದ. ಯಾವತ್ತೂ ಒತ್ತದಷ್ಟು ಹೊತ್ತು ಒತ್ತಿ ಹಿಡಿದ.

ಗುಬ್ಬಿಯ ಬಾಯಿ ತೆರೆದುಕೊಂಡದ್ದು ಕಂಡಿತು. ನಗುವಿಗಲ್ಲ. ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡಳು, ಮಿಷನ್ ಕಿತ್ತು ಎಸೆದಳು, ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡು ಒದ್ದಾಡಿದಳು. ಹೆಂಡತಿ ಕಿಟಕಿಯಿಂದ ಹಿಂದೆ ಸರಿದಳು.

ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸುವುದೂ ಮರೆತು ಸಿಡುಕಣ್ಣ ಮನೆಯೊಳಕ್ಕೆ ಓಡಿದ. "ಗುಬ್ಬೀ! ಏನಾಯ್ತೇ ಗುಬ್ಬೀ!"

ಅಪ್ಪನನ್ನು ಕಂಡದ್ದೇ ಗುಬ್ಬಿ ಅಮ್ಮನ ಹಿಂದೆ ಅಡಗಿದಳು. ಮೊದಲೆಲ್ಲ ಓಡಿ ಬಂದು ಕಾಲಿಗೆ ಜೋತು ಬೀಳುತ್ತಿದ್ದ ಮಗು!

"ಎಷ್ಟು ಸಲ ಹೇಳ್ದೆ ನಿಮ್ಗೆ ಫೋನಲ್ಲಿ!" ಹೆಂಡತಿಯ ಕಣ್ಣು ತುಂಬಿತ್ತು. "ಸ್ವಲ್ಪ ದಿನ ಜೋರು ಶಬ್ದ ಕೂಡದು, ಹತ್ರ ಕೂತು ಮೆತ್ತಗೆ ಮಾತಾಡಿಸಿ, ಹೆದರಿಬಿಟ್ರೆ ಮತ್ತೆ ಮಿಷನ್ ಹಾಕಿಸ್ಕೊಳ್ಳಲ್ಲ ಅಂದ್ರು ಡಾಕ್ಟರಮ್ಮ. ನಿಮ್ಮ ದಮ್ಮಯ್ಯ, ಹಾರ್ನ್ ಹೊಡೀಬೇಡಿ ಅಂತ ಅಂಗಲಾಚಿದೆ. ನೀವೇ ಅಲ್ವಾ ಆಯ್ತು ಆಯ್ತು ಅಂದಿದ್ದು?"

ಸಿಡುಕಣ್ಣ ಬಾಯಿ ತೆರೆದ. ಫೋನು ಸರಿಯಿಲ್ಲ, ಆ ಲಾರಿಯವನು ಸರಿಯಿಲ್ಲ ಅನ್ನುವ ಮಾತುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಆದರೆ ಅಮ್ಮನ ಸೆರಗಿನ ಸಂದಿಯಿಂದ ಎರಡು ಕಣ್ಣು ಅವನನ್ನೇ ಹೆದರಿ ನೋಡುತ್ತಿದ್ದವು.

"ಕೇಳಿಸ್ಲಿಲ್ಲ ಕಣೇ" ಅಂದ.

ಹೊರಗೆ ಹೋಗಿ ಇಂಜಿನ್ ಆರಿಸಿದ. ಬಂದು ಬಾಗಿಲ ಬಳಿ, ಮಗುವಿನಿಂದ ದೂರವೇ, ನೆಲದ ಮೇಲೆ ಕೂತ. ಹೆಂಡತಿ ಬಹಳ ಹೊತ್ತು ಮುದ್ದು ಮಾಡಿ, ಬೆನ್ನು ಸವರಿ, ಮಿಷನ್ ಮತ್ತೆ ಹಾಕಿದಳು. ಗುಬ್ಬಿ ಬೇಡವೆನ್ನಲಿಲ್ಲ, ಆದರೆ ಅಪ್ಪನ ಬಾಯಿಯ ಮೇಲೆ ಇಟ್ಟ ಕಣ್ಣನ್ನು ತೆಗೆಯಲಿಲ್ಲ. ಎಲ್ಲಿ ಮತ್ತೆ ಆ ಶಬ್ದ ಬಂದೀತೋ ಎಂದು.

ಹೆಂಡತಿ ಪಿಸುದನಿಯಲ್ಲಿ ಅವನಿಗೇನೋ ಹೇಳಿದಳು.

"ಆಂ?"

ಮತ್ತೆ ಹೇಳಿದಳು. ಸಿಡುಕಣ್ಣ ಕಿವಿಯ ಹಿಂದೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದ. "ಆಂ?"

ಗುಬ್ಬಿ ಅವನ ಕೈಯನ್ನೂ ಕಿವಿಯನ್ನೂ ನೋಡಿದಳು. ಅಮ್ಮನ ತುಟಿ ನೋಡಿದಳು, ಮತ್ತೆ ಅವನ ಮುಖ ನೋಡಿದಳು. ಬಾಯಿ ಅಲ್ಲಾಡುವುದು ಕಂಡರೂ ಏನೂ ಸಿಗದಿರುವ ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅಮ್ಮನ ಹಿಂದಿನಿಂದ ಮೆಲ್ಲಗೆ ಹೊರಬಂದಳು. ಒಂದು ಕಿವಿಯ ಮಿಷನನ್ನು ತಾನೇ ತೆಗೆದು, ಅಪ್ಪನ ಹತ್ತಿರ ಹೋಗಿ, ಅವನ ಕಿಟಕಿ ಕಡೆಯ ಕಿವಿಗೆ ಒತ್ತಿ ಹಿಡಿದಳು. ನಿಲ್ಲದೆ ಜಾರಿದಾಗ ಇನ್ನೊಮ್ಮೆ ಒತ್ತಿದಳು.

ಸಿಡುಕಣ್ಣ ಅಲ್ಲಾಡಲಿಲ್ಲ. ಕಣ್ಣೀರು ಮೀಸೆಯವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಎಲ್ಲಿ ಮಗು ಬೆಚ್ಚುತ್ತದೋ ಎಂದು, ಜೀವಮಾನದಲ್ಲಿ ಮೊದಲ ಸಲ ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದ. "ಆ ಡಾಕ್ಟರಮ್ಮ ನಾಳೆ ಇರ್ತಾರೇನೇ? ನಂಗೂ ಒಂದ್ಸಲ ತೋರಿಸ್ಬೇಕು."

ಹೆಂಡತಿ ಮೆಲ್ಲಗೆ ಉತ್ತರ ಹೇಳಿದಳು. ಸಿಡುಕಣ್ಣ ತಲೆ ತಿರುಗಿಸಿ, ಇನ್ನೊಂದು ಕಿವಿ ಕೊಟ್ಟು ಕೇಳಿಸಿಕೊಂಡ.