ಹಳದಿ ದಾರದ ಗುರುತು

ಅಕ್ಕನಿಗೆ ಒಂದು ಅಭ್ಯಾಸವಿತ್ತು. ಮನೆಯವರ ಬಟ್ಟೆ ಹೊಲಿದಾಗ ಮಾತ್ರ ಕಾಲರಿನ ಒಳಮಗ್ಗುಲಲ್ಲಿ ಹಳದಿ ದಾರದಿಂದ ಮೂರು ಪುಟ್ಟ ಹೊಲಿಗೆ ಹಾಕುತ್ತಿದ್ದಳು. "ಊರಿಗೆಲ್ಲ ಹೊಲಿ, ಗುರುತು ಮಾತ್ರ ನಿನ್ನವರಿಗೆ ಇಡು" ಎಂದು ಕೆಲಸ ಕಲಿಸಿದ ಮುದುಕ ದರ್ಜಿ ಹೇಳಿಕೊಟ್ಟಿದ್ದ. ಗಿರಾಕಿಗಳ ಬಟ್ಟೆಗೆ ಅವಳು ಅದನ್ನು ಹಾಕಿದವಳಲ್ಲ. ಕನಿಷ್ಠ ಹಾಗೆಂದು ಅವಳು ನಂಬಿದ್ದಳು.

ಆ ನಂಬಿಕೆಯ ಮೇಲೆಯೇ ಅವಳು ಏಜೆಂಟನಿಗೆ ಹೂಂ ಅಂದದ್ದು.

ತಮ್ಮ ಪರದೇಶಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ಕಟ್ಟುತ್ತಿದ್ದ ಮಹಡಿಯೊಂದು ಕುಸಿಯಿತು. ಅವನನ್ನು ಕಳಿಸಿಕೊಟ್ಟಿದ್ದ ಏಜೆಂಟನೇ ಫೋನ್ ಮಾಡಿದ.

"ಅಕ್ಕಾ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಇಬ್ಬರು ಸಿಕ್ಕಿದಾರೆ. ನಿಮ್ಮ ತಮ್ಮ, ಅವನ ಜೊತೆ ರೂಮಲ್ಲಿದ್ದವನು. ಯಾರು ಯಾರು ಅಂತ ಗೊತ್ತಾಗ್ತಿಲ್ಲ. ಮುಖ, ಕೈ, ಯಾವುದೂ ಗುರುತು ಹಿಡಿಯೋ ಹಾಗಿಲ್ಲ. ಒಬ್ಬನ ಮೈಮೇಲೆ ಅಂಗಿ ಉಳ್ಕೊಂಡಿದೆ. ಫೋಟೊ ಕಳಿಸ್ತೀನಿ. ರಕ್ತಪರೀಕ್ಷೆ ಅಂತ ಕೂತರೆ ವರ್ಷ ಹಿಡಿಯುತ್ತೆ. ಮನೆಯವರು ಗುರುತು ಹೇಳಿದ್ರೆ ಸಾಕಂತೆ."

ಫೋಟೊದಲ್ಲಿ ನೀಲಿ ಗೀರಿನ ಅಂಗಿ. ಮಡಚಿದ ಕಾಲರು. ಧೂಳು ಮೆತ್ತಿದ್ದರೂ ಹಳದಿ ಹೊಲಿಗೆ ಮೂರೂ ಕಾಣುತ್ತಿದ್ದವು.

"ನನ್ನ ಕೈಹೊಲಿಗೆ," ಅಂದಳು ಅಕ್ಕ. "ನಮ್ಮವನೇ."

"ನೂರಕ್ಕೆ ನೂರು?"

"ಹೆತ್ತವಳಿಗೆ ಕೂಸಿನ ಗುರುತು ಕೇಳ್ತೀರಲ್ಲ. ನಾನೇ ಹೊಲಿದಿದ್ದು."

ಅಮ್ಮ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು. ಆ ಹೂಂ ಕೇಳಿದ ಮೇಲೆ ಅವಳು ಒಂದೇ ಮಾತು ಹಿಡಿದಳು: ಮಗನನ್ನು ಅಲ್ಲಿ ಬಿಡಕೂಡದು, ತನ್ನ ಕಣ್ಣೆದುರಿಗೆ ಮಣ್ಣಾಗಬೇಕು. ಅದಕ್ಕಾಗಿ ಅಕ್ಕ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದಳು. ಬೆಂಚುಗಳ ಮೇಲೆ ಕೂತು ಕೂತು ಬೆನ್ನು ಬಾಗಿತು. ಅಂತೂ ಪೆಟ್ಟಿಗೆ ಬಂತು.

ಸೋದರಮಾವ ತನ್ನ ಸರಕಿನ ವ್ಯಾನಿನಲ್ಲಿ ತಂದ. ಸುತ್ತ ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆ, ತೆರೆಯಬಾರದೆಂಬ ಚೀಟಿ. ಇಳಿಸುವಾಗ ನೆರೆಮನೆಯವರೆಲ್ಲ ಕೈಜೋಡಿಸಬೇಕಾಯಿತು.

"ಹೋಗುವಾಗ ಒಂದು ಚೀಲ ಹಿಡ್ಕೊಂಡು ಬಸ್ಸಲ್ಲಿ ನೇತಾಡ್ಕೊಂಡು ಹೋದ," ಅಂದ ಮಾವ. "ಈಗ ನೋಡು, ಹೊರೋಕೆ ಇಡೀ ಬೀದಿ ಬೇಕು. ಭಾರಿ ಮನುಷ್ಯ ಆಗ್ಬಿಟ್ಟ ನಮ್ಮ ಹುಡುಗ." ಯಾರೂ ನಗಲಿಲ್ಲ. ಮಾವನೇ ಆಚೆ ತಿರುಗಿ ಮೂಗು ಒರೆಸಿಕೊಂಡ.

ಪೆಟ್ಟಿಗೆಯ ಜೊತೆಗೊಂದು ಪ್ಲಾಸ್ಟಿಕ್ ಚೀಲವಿತ್ತು. ಅಕ್ಕ ಅದನ್ನು ಎತ್ತಿಕೊಂಡು ಹೊಲಿಗೆ ಕೋಣೆಗೆ ಹೋದಳು. ಒಳಗೆ ಅಂಗಿ. ಯಾರೋ ಒಗೆದು ಮಡಚಿದ್ದರು. ಕತ್ತರಿಸುವ ಮೇಜಿನ ಮೇಲೆ ಹರಡಿ, ರೂಢಿಯಂತೆ ಎರಡು ಅಂಗೈಯಿಂದ ಭುಜ ಸವರಿದಳು. ತಮ್ಮನ ಭುಜ ಮುಗಿಯಬೇಕಾದಲ್ಲಿ ಕೈಗಳು ನಿಲ್ಲಲಿಲ್ಲ. ಬಟ್ಟೆ ಇನ್ನೂ ಇತ್ತು.

ಅವಳು ಟೇಪು ತೆಗೆಯಲಿಲ್ಲ. ಬೇಕಿರಲಿಲ್ಲ.

"ಅಕ್ಕಾ, ದಾಂಡಿಗನಿಗೂ ಒಂದು ಹೊಲಿದು ಕಳಿಸೇ," ಎಂದು ತಮ್ಮ ಫೋನಿನಲ್ಲಿ ಕೇಳಿದ್ದ. ರೂಮಿನ ಗೆಳೆಯನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಅದೇ ಬಟ್ಟೇಲಿ. ಎತ್ತಿನ ಭುಜ ಅವನದು, ನೋಡ್ಕೊಂಡು ಕತ್ತರಿಸು. ಆಮೇಲೆ ಬಿಗಿಯಾಯ್ತು ಅಂತ ನನ್ನ ಪ್ರಾಣ ತಿಂತಾನೆ." ಒಂದೇ ಸಲ ಕೂತು ಎರಡೂ ಅಂಗಿ ಹೊಲಿದಿದ್ದಳು. ಭುಜ ಅಗಲವಿಡಲು ಮರೆಯಲಿಲ್ಲ. ಆದರೆ ಕಾಲರಿಗೆ ಬಂದಾಗ, ಮನಸ್ಸು ತಮ್ಮನ ಹತ್ತಿರವಿದ್ದಾಗ, ಕೈ ತನ್ನ ಪಾಡಿಗೆ ತಾನು ಎರಡಕ್ಕೂ ಹಳದಿ ದಾರ ಎಳೆದಿರಬೇಕು.

ಒಂದೇ ಕೋಣೆ, ಒಂದೇ ಗೂಟ. ಅವಸರದಲ್ಲಿ ತಮ್ಮ ಅವನ ಅಂಗಿ ತೊಟ್ಟಿರಬಾರದೇ? ಇರಬಹುದು. ಇಲ್ಲದೆಯೂ ಇರಬಹುದು. ಹೊರಗೆ ಜನ ಕಾಯುತ್ತಿದ್ದರು. ಅವಳು ಅಮ್ಮನನ್ನು ಒಳಗೆ ಕರೆದಳು.

"ಅಮ್ಮಾ, ಈ ಅಂಗಿ ಭುಜ ಅಗಲ ಇದೆ."

ಅಮ್ಮ ಅಂಗಿ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು.

"ಅಲ್ಲಿ ಚೆನ್ನಾಗಿ ಉಂಡು ಮೈ ಬಂದಿತ್ತೇನೋ."

"ಮೈ ಬರುತ್ತಮ್ಮ. ಬಟ್ಟೆ ಬೆಳೆಯಲ್ಲ."

"ನನ್ನ ಮಗ ಬಾಗಿಲಿಗೆ ಬಂದಿದಾನೆ," ಅಂದಳು ಅಮ್ಮ. ಸ್ವರ ಏರಿರಲಿಲ್ಲ. "ಹೋಗು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಇವತ್ತೂ ಬೇಡ, ನಾಳೆಯೂ ಬೇಡ. ನಾನು ಸಾಯೋವರೆಗೂ ಬೇಡ."

ಮಣ್ಣು ಮಾಡಿ ಬಂದರು.

ಮಾರನೆಯ ಬೆಳಿಗ್ಗೆ ಅಕ್ಕ ಬಾಗಿಲು ಮುಂದೆ ಮಾಡಿಕೊಂಡು ಏಜೆಂಟನಿಗೆ ಎಲ್ಲ ಹೇಳಿದಳು.

"ಪರೀಕ್ಷೆ ಈಗಲೂ ಮಾಡಿಸಬಹುದು," ಅಂದ ಅವನು. "ನಿಮ್ಮ ತಾಯಿ ರಕ್ತ ಕೊಡಬೇಕು, ಅಗೆಯೋಕೆ ಒಪ್ಪಬೇಕು. ಒಪ್ತಾರಾ?"

"ಇಲ್ಲ. ಅಲ್ಲಿ ಸಿಕ್ಕ ಇನ್ನೊಬ್ಬರು?"

"ಅಲ್ಲೇ ಮುಗಿಸಿದ್ರು. ದಿಕ್ಕಿಲ್ಲದವರ ಜಾಗದಲ್ಲಿ, ಬೇರೆಯವರ ಜೊತೆ. ಈಗ ಹುಡುಕೋಕೆ ಆಗಲ್ಲ." ಮತ್ತೆ ಹೇಳಿದ, "ಆ ರೂಮಿನವನ ಹೆಂಡತಿಗೂ ಆಗ ಅಂಗಿ ಫೋಟೊ ಕಳಿಸಿದ್ದೆ. 'ನಮ್ಮ ಯಜಮಾನ್ರದೇ ಇರ್ಬೇಕು, ಗೆಳೆಯನ ಅಕ್ಕ ಹೊಲಿದು ಕಳಿಸಿದ್ದು ಅಂತ ಏನೋ ಹೇಳ್ತಿದ್ರು' ಅಂದ್ರು. ಅವರು 'ಇರ್ಬೇಕು' ಅಂದ್ರು. ನೀವು 'ನಮ್ಮವನೇ' ಅಂದ್ರಿ. ಕಂಪನಿಯವರು ನಿಮ್ಮ ಮಾತು ಹಿಡಿದ್ರು. ಅಂಗಿ ಬೇರೆಯವರದಂತೆ ಅಂತಷ್ಟೇ ನಾನು ಆಯಮ್ಮನಿಗೆ ತಿಳಿಸಿದ್ದು, ಬೇರೇನೂ ಹೇಳಿಲ್ಲ."

"ಅವರ ನಂಬರ್ ಕೊಡಿ."

"ಕೊಟ್ರೆ ಏನಂತೀರಿ? ಆಗ ಹೇಳಿದ್ದೂ ನೀವೇ, ಈಗ ಹೇಳೋದೂ ನೀವೇ. ಯಾವುದನ್ನ ನಂಬಬೇಕು ಆಯಮ್ಮ?"

"ಕೊಡಿ," ಎಂದಷ್ಟೇ ಹೇಳಿದಳು ಅಕ್ಕ.

ನಂಬರು ಬಂತು. ಒತ್ತಿದಳು. ಮೊದಲ ರಿಂಗಿಗೇ ಹೆಂಗಸಿನ ಸ್ವರ, "ಹಲೋ, ಯಾರು?"

"ನಾನು... ಅಂಗಿ ಹೊಲಿದವಳು. ನೀಲಿ ಗೀರಿನದು."

ಆ ಕಡೆ ಉಸಿರು ಕೇಳಿಸಿತು. ಅನಂತರ ಮಾತು ಒಮ್ಮೆಲೇ ಹರಿಯಿತು. "ಅಕ್ಕ ನೀವೇನಾ. ಅಳತೆ ತಗೊಳ್ಳದೇನೇ ಎಷ್ಟು ಚೆನ್ನಾಗಿ ಕೂರಿಸಿದಾರೆ ನೋಡು ಅಂತ ಇವರು ತಿರುಗಿ ತಿರುಗಿ ತೋರಿಸಿದ್ರು ಫೋನಲ್ಲಿ. ನಾನು ನಿಮ್ಮನ್ನೇ ಹುಡುಕ್ತಿದ್ದೆ. ಅಂಗಿ ಇವರದಲ್ಲ ಅಂದ್ರು. ಅಲ್ಲ ಅಂದ್ಮೇಲೆ ಇವರು ಎಲ್ಲೋ ಇದಾರೆ ಅಂತ ತಾನೇ? ನಿಮ್ಮ ತಮ್ಮನಿಗೆ ಗೊತ್ತಿರುತ್ತೆ. ಒಂದು ಸಲ ಅವರ ಕೈಗೆ ಫೋನ್ ಕೊಡ್ತೀರಾ?"

ಬಾಗಿಲಾಚೆ ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಳು, ಮಗನ ಗುಡ್ಡೆಗೆ ನೀರು ಹಾಕಿ ಬರಲು. ಅವಳು ಬೀದಿಗಿಳಿಯುವವರೆಗೆ ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದಳು. ಆಮೇಲೆ ಕಿವಿಗಿಟ್ಟುಕೊಂಡಳು. ಆ ಹೆಂಗಸು ಇನ್ನೂ ಕಾಯುತ್ತಿದ್ದಳು.