ಕೆಜಾಯಳಿಗೆ ಹೊದಿಸಿದ ಕೌದಿ

"ಬಿಡೇ ಮುಂಡೆ! ನಿಮ್ಮಪ್ಪ ಹೊದ್ಕೊಂಡ್ ಸತ್ತ ಕೌದಿಯಾ ಇದು?"

ದಿಕ್ಕಿಲ್ಲದವರಿಗೆಂದು ಊರು ನಡೆಸುವ ಬಡವರ ಮನೆಯ ಪಾರುಪತ್ಯಗಾರ ಪ್ರೂಯಿಟ್, ಅಲ್ಲೇ ಇದ್ದ ಟ್ಯಾಮ್ಸಿನ್‌ಳ ಮಂಚದಿಂದ ಕೌದಿ ಕಿತ್ತುಕೊಂಡ. ಆ ಮನೆಯಲ್ಲಿ ಸತ್ತವರ ಅಂಗಿ ಲಂಗಗಳ ತುಂಡು ಕೂಡಿಸಿ ಎರಡು ಚಳಿಗಾಲ ಕೂತು ಅವಳು ಹೊಲಿದದ್ದು.

"ಬಾಸ್ಟನ್ನಿಂದ ಅಮ್ಮಾವ್ರು ಬರ್ತಾರಂತೆ. ಹುಚ್ಚರನ್ನ ಹೆಂಗಿಟ್ಟಿದೀವಿ ಅಂತ ಬರ್ಕೊಂಡೋಗಿ ಸರ್ಕಾರಕ್ಕೆ ಕೊಡ್ತಾರಂತೆ. ಇದನ್ನ ಆ ಹುಚ್ಚಿ ಕೆಜಾಯಗೆ ಹೊದಿಸು. ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನು, ಸಂಜೆಗೆ ವಾಪಸ್ ತಗೋ."

"ಅಲ್ಲೀತಂಕ ನಾನೇನ್ ಹೊದೀಲಿ, ಧಣಿ?"

"ನಿಂಗೆ ಬುದ್ಧಿ ನೆಟ್ಟಗಿದೆಯಲ್ಲ, ಅದನ್ನೇ ಹೊದ್ಕೋ."

ಹಿತ್ತಲ ಕೊಟ್ಟಿಗೆಯಲ್ಲಿ ಕೆಜಾಯ ಒಂಬತ್ತು ವರ್ಷದಿಂದ ಸರಪಳಿಯಲ್ಲಿದ್ದಳು. ಅಷ್ಟು ವರ್ಷವೂ ಅವಳಿಗೆ ಗಂಜಿ ಕುಡಿಸಿದವಳು, ಹೇಲು ಬಳಿದವಳು ಟ್ಯಾಮ್ಸಿನ್. ಇವತ್ತು ಅಲ್ಲಿ ಹೊಸ ಹುಲ್ಲು, ನಿನ್ನೆ ತಂದ ಕಬ್ಬಿಣದ ಒಲೆ. ತನ್ನ ಕೌದಿಯೊಳಗೆ ಬೆಚ್ಚಗೆ ಕೂತ ಕೆಜಾಯಳನ್ನು ಕಂಡು ಅವಳ ಹೊಟ್ಟೆ ಉರಿಯಿತು.

"ಮಹಾರಾಣಿ ಕಣೇ ನೀನು. ನಾನೂ ಬಟ್ಟೆ ಹರ್ಕೊಂಡು ಕಿರುಚಬೇಕಿತ್ತು."

ಮಧ್ಯಾಹ್ನ ಅಮ್ಮಾವರು ಬಂದರು. ಕರಿಯ ಉಡುಪು, ಕೈಯಲ್ಲಿ ಪುಸ್ತಕ. ಟ್ಯಾಮ್ಸಿನ್‌ಳನ್ನು ದಾಟಿಕೊಂಡು ಹೋಗಿ, ಹುಲ್ಲಿನ ಮೇಲೆ ಮಂಡಿಯೂರಿ, ಕೆಜಾಯಳ ಕೈ ಹಿಡಿದುಕೊಂಡರು. ಟ್ಯಾಮ್ಸಿನ್‌ಳ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

"ಇಂಥವ್ರಿಗೆ ಆಸ್ಪತ್ರೆ ಕಟ್ಟಿಸಿ ಅಂತ ಕೇಳ್ತಿದೀನಿ. ಈ ಒಲೆ ದಿನಾ ಉರಿಯುತ್ತಾ?"

"ದಿನಾ ತಾಯಿ," ಎಂದ ಹಿಂದೆಯೇ ಬಂದ ಪ್ರೂಯಿಟ್. "ಹೇಳೇ, ಟ್ಯಾಮ್ಸಿನ್."

ಹೂಂ ಅಂದರೆ ಕೆಜಾಯ ಇಲ್ಲೇ ಕೊಳೆಯುತ್ತಾಳೆ, ಕೌದಿ ತನ್ನದಾಗುತ್ತದೆ. ಇಲ್ಲ ಅಂದರೆ ಈ ಹುಚ್ಚಿ ಬೆಚ್ಚನೆಯ ಆಸ್ಪತ್ರೆಗೆ, ತಾನು ಪ್ರೂಯಿಟ್‌ನ ಕೈಗೆ. ಹೂಂ ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಕೆಜಾಯ ಚೀರಿ ಕಾಲನ್ನು ಒಲೆಯಿಂದ ಹಿಂದಕ್ಕೆಳೆದುಕೊಂಡಳು. ಚಳಿಗೆ ಹೆಪ್ಪುಗಟ್ಟಿದ ಮಾಂಸಕ್ಕೆ ಶಾಖ ತಾಗಿದರೆ ಎಂಥ ಉರಿ ಎಂಬುದು ಟ್ಯಾಮ್ಸಿನ್‌ಗೆ ಗೊತ್ತಿತ್ತು. ಅವಳ ಕೈಯ ಎರಡು ಬೆರಳು ಹಾಗೇ ಚಳಿಗೆ ಸತ್ತು ಉದುರಿದ್ದವು. ಅವಳು ಕೌದಿಯ ಅಂಚು ಎತ್ತಿದಳು. ಕೆಜಾಯಳ ಪಾದಗಳಲ್ಲಿ ಬೆರಳೇ ಇರಲಿಲ್ಲ.

"ದಿನಾ ಉರಿದಿದ್ರೆ ಇವೆಲ್ಲಿಗೋದ್ವು, ಅಮ್ಮಾವ್ರೇ? ಇದ ಬರ್ಕೊಳ್ಳಿ. ಇದನ್ನೂ ಬರ್ಕೊಳ್ಳಿ" ಎಂದು ತನ್ನ ಮೋಟು ಬೆರಳಿನ ಕೈ ಚಾಚಿದಳು.

ಅಮ್ಮಾವರು ಪೆನ್ಸಿಲ್ ಎತ್ತಿದರು. "ಇವಳಿಗೂ ಹುಚ್ಚಾ?"

"ಇಲ್ಲ ತಾಯಿ," ಎಂದ ಪ್ರೂಯಿಟ್, "ಬರೀ ಬಡವಿ."

ಪೆನ್ಸಿಲ್ ಅಲ್ಲೇ ನಿಂತಿತು.

ಟ್ಯಾಮ್ಸಿನ್ ಹುಲ್ಲಿನ ಮೇಲೆ ಕೂತಳು. "ಸರ್ಕೊಳ್ಳೇ ಅತ್ಲಾಗೆ, ಅರ್ಧ ನಂದು" ಎಂದು ಕೆಜಾಯಳನ್ನು ಒತ್ತರಿಸಿ ಕೌದಿಯೊಳಗೆ ನುಗ್ಗಿದಳು. ಕತ್ತಿನವರೆಗೆ ಎಳೆದುಕೊಂಡು ಪ್ರೂಯಿಟ್‌ನನ್ನು ನೋಡಿದಳು.

"ಈಗ ಕಿತ್ಕೊಳ್ಳಿ, ಧಣಿ. ಅಮ್ಮಾವ್ರು ನೋಡ್ಲಿ."